ಹತ್ತಕ್ಕೆ ಹಗ್ಗ

ಆ ಯಾರ್ಡಿನಲ್ಲಿ ದೊಡ್ಡ ದೊಡ್ಡ ಕಬ್ಬಿಣದ ಟ್ಯಾಂಕುಗಳನ್ನು ಬೆಸೆಯುತ್ತಿದ್ದರು. ಒಂದು ಮನೆಯನ್ನೇ ಒಳಗಿಟ್ಟು ಮುಚ್ಚಳ ಹಾಕಬಹುದು, ಅಷ್ಟು ದೊಡ್ಡವು. ಬೆಸುಗೆ ಹೊರಗಿನಿಂದ ಎಷ್ಟೇ ನುಣ್ಣಗೆ ಕಂಡರೂ ಒಳಗೆ ಕೂದಲೆಳೆಯಂಥ ಬಿರುಕು ಉಳಿದಿರಬಹುದು. ಟ್ಯಾಂಕಿಗೆ ಆವಿ ತುಂಬಿದ ದಿನ ಅದು ಬಾಯಿಬಿಟ್ಟರೆ ಹತ್ತಿರ ನಿಂತವರು ಉಳಿಯುವುದಿಲ್ಲ. ಅದಕ್ಕೇ ಪ್ರತಿ ಬೆಸುಗೆಗೂ ಒಳಗಿನ ಫೋಟೋ ತೆಗೆಯುತ್ತಿದ್ದರು, ಆಸ್ಪತ್ರೆಯಲ್ಲಿ ಮುರಿದ ಮೂಳೆಗೆ ತೆಗೆದ ಹಾಗೆ.

ಫೋಟೋ ತೆಗೆಯಲು ಒಂದು ಭಾರದ ಪೆಟ್ಟಿಗೆ. ಅದರೊಳಗೆ ಗುಳಿಗೆಯಷ್ಟು ಚಿಕ್ಕ ಲೋಹದ ತುಣುಕು. ದೂರ ನಿಂತು ಹಿಡಿಕೆ ತಿರುಗಿಸಿದರೆ ಆ ತುಣುಕು ಕೊಳವೆಯೊಳಗೆ ತೆವಳಿ ಬಂದು ಬೆಸುಗೆಯ ಬಳಿ ಕೂರುತ್ತದೆ. ಅದರಿಂದ ಹೊರಡುವ ಕಿರಣ ಕಬ್ಬಿಣವನ್ನೂ ತೂರುತ್ತದೆ, ಮನುಷ್ಯನ ಮೈಯನ್ನೂ ತೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಬಿಸಿ ತಾಗುವುದಿಲ್ಲ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ತುಣುಕನ್ನು ಪೆಟ್ಟಿಗೆಗೆ ಎಳೆದುಕೊಂಡ ಮೇಲೆ ಭಯವಿಲ್ಲ. ಅದು ಹೊರಗಿರುವಷ್ಟು ಹೊತ್ತು ಮಾತ್ರ ಸುತ್ತ ಹಳದಿ ಹಗ್ಗ ಕಟ್ಟಿ, ಒಳಗೆ ಒಂದು ನರಪಿಳ್ಳೆಯೂ ಸುಳಿಯದಂತೆ ಕಾಯಬೇಕು.

ಹಗ್ಗ ಕಟ್ಟಿ ಕಾಯುವವನೇ ಹಗ್ಗದಯ್ಯ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಯಾರಾದರೂ ಕೂಗಿದರೆ ಉಂಟು. ಶಾಲೆಯ ಮೆಟ್ಟಿಲು ಹತ್ತಿ ಹಾಗೇ ಇಳಿದವನು. ಅಂಕಿ ಬರುತ್ತಿತ್ತು, ಅಕ್ಷರ ತಡವರಿಸುತ್ತಿತ್ತು. ಆದರೆ ಅವನು ಹಾಕಿದ ಗಂಟು ಅವನೇ ಬಿಚ್ಚಬೇಕು, ಅವನು ಸುತ್ತಿಟ್ಟ ಹಗ್ಗ ಕತ್ತಲಲ್ಲೂ ಸಿಕ್ಕಾಗದೆ ಬಿಚ್ಚಿಕೊಳ್ಳಬೇಕು. ಅವನು ಕಾದ ಹಗ್ಗದೊಳಗೆ ಮ್ಯಾನೇಜರೇ ಬಂದರೂ ನಿಲ್ಲಿಸಿ, "ಸಾರ್, ನಿಮ್ಮ ಮೈಗೂ ನಮ್ಮ ಮೈಗೂ ಕಿರಣಕ್ಕೆ ವ್ಯತ್ಯಾಸ ಗೊತ್ತಾಗಲ್ಲ" ಎನ್ನುತ್ತಿದ್ದ.

ಎಲ್ಲಿಗೆ ಹಗ್ಗ ಕಟ್ಟಬೇಕೆಂದು ಹೇಳುವವನು ಫೋಟೋ ಮೇಸ್ತ್ರಿ. ಅವನ ಕೈಯಲ್ಲಿ ಒಂದು ಮೀಟರು. ತುಣುಕು ಹೊರಗೆ ಬಂದಾಗ ಅವನು ಮೀಟರು ಹಿಡಿದು ನಡೆದು ನೋಡುತ್ತಾನೆ. ಟ್ಯಾಂಕಿನಿಂದ ದೂರ ಹೋದಷ್ಟೂ ಅಂಕಿ ಇಳಿಯುತ್ತದೆ. ಹತ್ತಕ್ಕೆ ಇಳಿದಲ್ಲಿ ಹಗ್ಗ. "ಹತ್ತಕ್ಕೆ ಹಗ್ಗ" ಎನ್ನುವುದು ಆ ಯಾರ್ಡಿನಲ್ಲಿ ಕ್ಯಾಂಟೀನಿನವರ ಬಾಯಿಗೂ ಬಂದಿದ್ದ ಮಾತು.

ಟ್ಯಾಂಕಿನ ಕಡೆಯಿಂದ ಬಂದರೆ ಮೊದಲು ದೀಪದ ಕಂಬ, ಆಮೇಲೆ ಸಾಮಾನಿನ ಸ್ಟೋರು, ಅದನ್ನೂ ದಾಟಿ ಬಹಳ ಆಚೆಗೆ ಒಂದು ನಲ್ಲಿ. ಹತ್ತು ಬರುತ್ತಿದ್ದುದು ನಲ್ಲಿಯ ಹತ್ತಿರ. ಹಾಗಾಗಿ ಫೋಟೋ ಸೈರನ್ ಕೂಗಿತೆಂದರೆ ಸ್ಟೋರು ಮುಚ್ಚಬೇಕು, ಒಳಗಿದ್ದವರು ನಲ್ಲಿಯಾಚೆ ಹೋಗಿ ಬಿಸಿಲಲ್ಲಿ ನಿಲ್ಲಬೇಕು. ಇದೇ ಎಲ್ಲರಿಗೂ ದೊಡ್ಡ ತಲೆನೋವು. ಸ್ಪ್ಯಾನರ್ ಬೇಕಾದವನು ಕೈಕಟ್ಟಿ ಕಾಯಬೇಕು. ಊಟ ಅರ್ಧಕ್ಕೆ ಬಿಟ್ಟು ಏಳಬೇಕು. "ಹಗ್ಗದಯ್ಯ, ನಿಮ್ಮ ಹಗ್ಗ ಇನ್ನೂ ಸ್ವಲ್ಪ ಉದ್ದ ಬಿಟ್ರೆ ನಾವು ಮನೇಲೇ ಇದ್ಬಿಡಬಹುದು" ಎಂದು ಬೆಸುಗೆಯವರು ಕಿಚಾಯಿಸುತ್ತಿದ್ದರು.

ಸ್ಟೋರಿನ ಕಿಟಕಿಯಲ್ಲಿ ಕೂತು ಸಾಮಾನು ಕೊಡುತ್ತಿದ್ದವಳು ಹಗ್ಗದಯ್ಯನ ಸೊಸೆ. ಮಗ ಲಾರಿ ಓಡಿಸುತ್ತಿದ್ದ, ಅರ್ಧ ತಿಂಗಳು ರಸ್ತೆಯ ಮೇಲೆಯೇ. ಮಾವ ಸೊಸೆ ಬೆಳಗ್ಗೆ ಒಟ್ಟಿಗೆ ಯಾರ್ಡಿಗೆ ಹೋಗಿ ಸಂಜೆ ಒಟ್ಟಿಗೆ ಮನೆಗೆ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಸೊಸೆಗೆ ನಾಲ್ಕು ತಿಂಗಳು ತುಂಬಿತ್ತು. ಮದುವೆಯಾಗಿ ಬಹಳ ವರ್ಷದ ಮೇಲೆ ನಿಂತ ಗರ್ಭ. ನಲ್ಲಿಯಾಚೆ ಬಿಸಿಲಲ್ಲಿ ಅವಳು ಹಣೆಗೆ ಕೈಹಿಡಿದು ನಿಂತಿದ್ದನ್ನು ಕಂಡರೆ ಹಗ್ಗದಯ್ಯ ತನ್ನ ಟವೆಲನ್ನು ನೆನೆಸಿ ಅವಳ ತಲೆಗೆ ಹೊದಿಸಿ ಬರುತ್ತಿದ್ದ. ಒಂದು ದಿನ ಅವಳು ಕಣ್ಣು ಕತ್ತಲಿಟ್ಟು ನಲ್ಲಿಯ ಪಕ್ಕದಲ್ಲೇ ಕುಸಿದು ಕೂತಳು. ಮುಖಕ್ಕೆ ನೀರು ಚಿಮುಕಿಸಿದವನು ಅವನೇ.

ಅದಾದ ಮರುವಾರ ಮೇಸ್ತ್ರಿ ಬೇರೊಂದು ಮೀಟರು ಹಿಡಿದು ಬಂದ. ಅಂಕಿ ಮಿನುಗುವ ಮೀಟರಲ್ಲ. ಗಾಜಿನೊಳಗೆ ಮುಳ್ಳು ಓಡಾಡುವ ಹಳೆಯ ಮೀಟರು.

"ಆ ಮೀಟರು ಎಲ್ಲಿ ಮೇಸ್ತ್ರಿ?" ಎಂದ ಹಗ್ಗದಯ್ಯ.

"ಪರೀಕ್ಷೆಗೆ ಕಳಿಸಿದ್ದಾರೆ. ವರ್ಷಕ್ಕೊಂದ್ಸಲ ಕಳಿಸಲೇಬೇಕಲ್ಲ. ಬರೋವರೆಗೂ ಇದು. ಹಳೇದಾದ್ರೂ ಗಟ್ಟಿ, ಇದೂ ಪರೀಕ್ಷೆ ಮಾಡಿಸಿ ಇಟ್ಟಿದ್ದೇ."

ತುಣುಕು ಹೊರಗೆ ಬಂತು. ಮೇಸ್ತ್ರಿ ಮುಳ್ಳು ನೋಡುತ್ತಾ ಹೊರಟವನು ದೀಪದ ಕಂಬದ ಬಳಿಯೇ ನಿಂತುಬಿಟ್ಟ.

"ಇಲ್ಲೇ ಹತ್ತು ಬಂತಲ್ಲ. ಹಗ್ಗ ಕಂಬಕ್ಕೆ ಕಟ್ಟಿ."

"ಇಷ್ಟು ಹತ್ತಿರಾನಾ?"

"ಮುಳ್ಳು ಹೇಳ್ತಿದೆ, ನಾನಲ್ಲ. ಈಚೆಗೆ ತುಣುಕು ಹಳೇದಾಗಿ ಶಕ್ತಿ ಇಳಿದಿರುತ್ತೆ. ಆ ಮೀಟರಿಗೂ ವಯಸ್ಸಾಗಿ ಸುಳ್ಳು ಹೇಳ್ತಿತ್ತೇನೋ, ಪರೀಕ್ಷೆಯಲ್ಲಿ ಗೊತ್ತಾಗುತ್ತೆ."

ಹಗ್ಗ ಕಂಬಕ್ಕೆ ಬಂತು. ಸ್ಟೋರು ಹಗ್ಗದ ಹೊರಗಾಯಿತು. ಯಾರ್ಡಿನಲ್ಲಿ ಅಂದು ಎಲ್ಲರ ಮುಖವೂ ಅರಳಿತ್ತು. ಹಗ್ಗದಯ್ಯ ಓಡೋಡಿ ಸ್ಟೋರಿನ ಕಿಟಕಿಗೆ ಹೋಗಿ ಸೊಸೆಗೆ ಹೇಳಿದ:

"ಇನ್ನು ನೀನು ಬಿಸಿಲಲ್ಲಿ ನಿಲ್ಲೋದು ಬೇಡಮ್ಮ. ಒಳಗೇ ಕೂತ್ಕೋ. ಫ್ಯಾನ್ ಹಾಕ್ಕೊಂಡು ಆರಾಮಾಗಿ ಊಟ ಮಾಡು."

"ಪರವಾಗಿಲ್ವಾ ಮಾವ?"

"ನಾನು ಕಟ್ಟಿರೋ ಹಗ್ಗ. ನನ್ನ ಮೇಲೆ ನಂಬಿಕೆ ಇಲ್ವಾ?"

ಅವಳು ನಕ್ಕು ಊಟದ ಡಬ್ಬಿ ತೆರೆದಳು.

ಹೀಗೇ ಎರಡು ವಾರ ನಡೆಯಿತು. ಸೊಸೆಯ ಮುಖದಲ್ಲಿ ಕಳೆ ಬಂತು. ಹಗ್ಗದಯ್ಯ ಆ ಹಳೆಯ ಮೀಟರನ್ನು ಮನಸ್ಸಿನಲ್ಲೇ ಹೊಗಳಿಕೊಂಡ.

ಒಂದು ಸಂಜೆ ಮನೆಯ ಮುಂದಿನ ಮೆಟ್ಟಿಲ ಮೇಲೆ ಹಗ್ಗದಯ್ಯನೂ ಅವನ ಹೆಂಡತಿಯೂ ಕೂತಿದ್ದರು, ಸೊಸೆ ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯವಳು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಅವಳು ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ, ಗೆಡ್ಡೆಯ ಕಾಯಿಲೆಗೆ ಕಿರಣ ಕೊಡುವ ಕೋಣೆಯಲ್ಲಿ ಕೆಲಸಕ್ಕಿದ್ದವಳು. ಮೂವತ್ತು ದಾಟಿ ಇಬ್ಬರು ಮಕ್ಕಳಾಗಿದ್ದರೂ ಬೀದಿಯವರ ಬಾಯಲ್ಲಿ ಇನ್ನೂ 'ಆಸ್ಪತ್ರೆ ಹುಡುಗಿ'ಯೇ.

ಹಗ್ಗದಯ್ಯನ ಹೆಂಡತಿ ಸುಮ್ಮನಿರಲಾರದೆ ಹೇಳಿದಳು: "ನೋಡಿದ್ಯೇನೇ ನಮ್ಮ ಹುಡುಗೀನ? ಎರಡು ವಾರದಲ್ಲಿ ಹೇಗೆ ಮೈಕೈ ತುಂಬ್ಕೊಂಡಿದ್ದಾಳೆ. ಈಗ ಬಿಸಿಲಲ್ಲಿ ನಿಲ್ಲೋ ಕಾಟ ಇಲ್ಲ. ಹಗ್ಗ ಕಂಬಕ್ಕೆ ಬಂದಿದೆ."

"ಯಾವ ಹಗ್ಗ ದೊಡ್ಡಮ್ಮ?"

ಹಗ್ಗದಯ್ಯ ಮೀಟರಿನ ಕಥೆಯನ್ನೆಲ್ಲ ಬಣ್ಣಿಸಿದ. ಹೊಸ ಮೀಟರು ಪುಕ್ಕಲು, ಹಳೆಯದು ಎದೆಗಾರ ಎಂದು ತಾನೇ ನಕ್ಕ. ಆಸ್ಪತ್ರೆ ಹುಡುಗಿ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚದೆ ಹಾಗೇ ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದಳು.

"ಹತ್ತು ಅಂದ್ರಲ್ಲ ದೊಡ್ಡಪ್ಪ. ಹತ್ತು ಏನು?"

"ಹತ್ತು ಅಂದ್ರೆ ಹತ್ತು. ಒಂಬತ್ತಾದ್ಮೇಲೆ ಬರೋದು."

"ಅದಲ್ಲ. ಹಳೇ ಮೀಟರಿನ ಹತ್ತೂ ಹೊಸ ಮೀಟರಿನ ಹತ್ತೂ ಒಂದೇನಾ?"

"ಏನು ಹುಡುಗಿ ನೀನು. ಅಂಕಿ ಎಲ್ಲಿ ಹೋದ್ರೂ ಅಂಕಿನೇ ಅಲ್ವಾ? ನಾನು ಈ ಹಗ್ಗ ಕಟ್ಟೋಕೆ ಶುರುಮಾಡ್ದಾಗ ನೀನು ಇದೇ ಅಂಗಳದಲ್ಲಿ ಮೂಗು ಸುರಿಸ್ಕೊಂಡು ಓಡಾಡ್ತಿದ್ದೆ."

"ಸುರಿಸ್ತಿದ್ದೆ, ಇಲ್ಲ ಅನ್ನಲ್ಲ. ಒಂದು ಮಾತು ಹೇಳಿ. ಯಾರೋ ಬಂದು 'ಹಗ್ಗದಯ್ಯ, ಹತ್ತು ಹಗ್ಗ ಕತ್ತರಿಸಿ ಕೊಡಿ' ಅಂದ್ರೆ ಏನು ಮಾಡ್ತೀರಿ?"

"ಕತ್ತರಿ ಕೆಳಗಿಟ್ಟು ಕೇಳ್ತೀನಿ, ಹತ್ತು ಏನಪ್ಪಾ, ಗೇಣೋ, ಮೊಳಾನೋ, ಮಾರೋ ಅಂತ. ಗೇಣು ಕೇಳಿದವನಿಗೆ ಮಾರು ಕೊಟ್ರೆ..."

ಹಗ್ಗದಯ್ಯನಿಗೆ ತನ್ನ ಬಾಯಿಂದ ಹೊರಟ ಪ್ರಶ್ನೆ ತನ್ನ ಕಿವಿಗೇ ಬಂದು ತಾಗಿದಂತಾಯಿತು.

ಆಸ್ಪತ್ರೆ ಹುಡುಗಿ ಮೆಟ್ಟಿಲ ಮೇಲೆ ಕೂತಳು. "ಕಿರಣಕ್ಕೂ ಹಾಗೇ ದೊಡ್ಡಪ್ಪ. ಮೈ ಎಷ್ಟು ಕಿರಣ ಹೀರ್ಕೊಂಡಿತು ಅನ್ನೋದಕ್ಕೆ ಹಿಂದೆ ರಾಡ್ ಅನ್ನೋ ಅಳತೆ ಇತ್ತು. ಈಗಿನ ಅಳತೆ ಗ್ರೇ. ಒಂದು ಗ್ರೇ ಅಂದ್ರೆ ನೂರು ರಾಡ್. ಇವು ಬಹಳ ದೊಡ್ಡ ಅಳತೆ. ನಾವು ರೋಗಿಗಳ ಗೆಡ್ಡೆ ಸುಡೋಕೆ ಗ್ರೇ ಲೆಕ್ಕದಲ್ಲಿ ಕೊಡ್ತೀವಿ. ಹಗ್ಗದ ಹತ್ರ ಇರೋದು ಅದರ ಚೂರುಪಾರು. ಅದಕ್ಕೆ ಸಾವಿರದಲ್ಲಿ ಒಂದು ಪಾಲು ಮಾಡಿ ಮಿಲಿ ಅಂತಾರೆ. ಹತ್ತು ಲಕ್ಷದಲ್ಲಿ ಒಂದು ಪಾಲು ಮಾಡಿದ್ರೆ ಮೈಕ್ರೋ."

"ತಲೆ ಗಿರ್ ಅಂತಿದೆ ಕಣಮ್ಮ."

"ಇಷ್ಟೇ ಹಿಡ್ಕೊಳ್ಳಿ ಸಾಕು. ಹಳೇದರ ಒಂದು ಮಿಲಿರಾಡ್ ಅಂದ್ರೆ ಈಗಿನ ಹತ್ತು ಮೈಕ್ರೋಗ್ರೇ. ಮಿಲಿರಾಡ್ ಕಂಡ್ರೆ ಹತ್ತರಿಂದ ಗುಣಿಸಿ, ಮೈಕ್ರೋಗ್ರೇ ಸಿಗುತ್ತೆ. ಮೈಕ್ರೋಗ್ರೇ ಕಂಡ್ರೆ ಹತ್ತರಿಂದ ಭಾಗಿಸಿ, ಮಿಲಿರಾಡ್ ಸಿಗುತ್ತೆ. ಈಗಿನ ಅಂಕಿ ಮೀಟರುಗಳ ಹಾಗೆ ನಿಮ್ಮ ಹೊಸದೂ ಮೈಕ್ರೋಗ್ರೇ ತೋರಿಸ್ತಿರುತ್ತೆ. ಹಳೇ ಮುಳ್ಳಿನ ಮೀಟರುಗಳಲ್ಲಿ ಎಷ್ಟೋ ಮಿಲಿರಾಡ್ ತೋರಿಸೋವು."

"ಎಷ್ಟೋ ಅಂದೆ. ಎಲ್ಲಾನೂ ಅಲ್ವಲ್ಲ. ನಮ್ಮದು ಹಾಗಿರಲ್ಲ."

ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದಳು: "ಮೀಟರು ರಾತ್ರಿ ನನ್ನ ಸ್ಟೋರಿನ ಬೀರುವಲ್ಲೇ ಇರೋದು ಮಾವ. ನಾನೇ ತೆಗೆದು ಕೊಡೋದು, ನಾನೇ ಒರೆಸಿ ಇಡೋದು. ಮುಳ್ಳಿನ ಕೆಳಗೆ ಎಮ್, ಆರ್, ಎ, ಡಿ ಅಂತಿದೆ. ಒಂದು ಗೀಟು ಎಳೆದು ಎಚ್ ಅಂತಿದೆ."

"ಅದೇ ಮಿಲಿರಾಡ್" ಎಂದಳು ಆಸ್ಪತ್ರೆ ಹುಡುಗಿ. "ಗೀಟಿನ ಆಚೆ ಎಚ್ ಅಂದ್ರೆ ಗಂಟೆಗೆ ಅಂತ. ಆ ಜಾಗದಲ್ಲಿ ಒಂದು ಗಂಟೆ ನಿಂತ್ರೆ ಇಷ್ಟು ಹೀರ್ಕೊಳ್ಳುತ್ತೆ ಅಂತ ಅರ್ಥ. ಗೀಟಿನ ಆಚೇದನ್ನೂ ನೋಡಲೇಬೇಕು. ನಮ್ಮ ಆಸ್ಪತ್ರೆ ಯಂತ್ರದ ಲೆಕ್ಕ ನಿಮಿಷಕ್ಕೆ. ನಿಮಿಷದ ಅಂಕಿನ ಗಂಟೇದು ಅಂದ್ಕೊಂಡ್ರೆ ಅರವತ್ತು ಪಟ್ಟು ಕೈಕೊಟ್ಟ ಹಾಗೆ."

"ಹಾಗಾದ್ರೆ ಹಳೇ ಮೀಟರಲ್ಲಿ ಹತ್ತು ಅಂದ್ರೆ..." ಎಂದ ಹಗ್ಗದಯ್ಯ.

"ಹೊಸದರಲ್ಲಿ ನೂರು."

ಸೊಸೆಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅತ್ತೆ ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತಳು.

ಹಗ್ಗದಯ್ಯನಿಗೆ ಒಪ್ಪಿಕೊಳ್ಳಲು ಆಗಲಿಲ್ಲ. ಒಪ್ಪಿಕೊಂಡರೆ, ಬಾ ಕೂತ್ಕೋ ಎಂದು ಕರೆದು ಕೂರಿಸಿದವನು ತಾನೇ ಆಗುತ್ತಿದ್ದ. ದನಿ ಗಡುಸು ಮಾಡಿಕೊಂಡು ಹೇಳಿದ: "ಮೇಸ್ತ್ರಿ ಪರೀಕ್ಷೆ ಕಟ್ಟಿ ಪಾಸಾದವನು. ಅವನಿಗೆ ಗೊತ್ತಾಗದೇ ಇರೋದು ಮೆಟ್ಟಿಲ ಮೇಲೆ ಕೂತ ನಮಗೆ ಗೊತ್ತಾಗುತ್ತಾ?"

"ಮೇಸ್ತ್ರಿಗೆ ಇದೆಲ್ಲ ಗೊತ್ತಿರುತ್ತೆ ದೊಡ್ಡಪ್ಪ. ಕೇಳಿದ್ರೆ ನನಗಿಂತ ಚೆನ್ನಾಗಿ ಹೇಳ್ತಾರೆ. ಆದ್ರೆ ಕೇಳೋರು ಯಾರು? ನಿಮ್ಮ ಯಾರ್ಡಲ್ಲಿ ಎಲ್ಲರೂ 'ಹತ್ತಕ್ಕೆ ಹಗ್ಗ' ಅಂತಲೇ ಮಾತು ಮುಗಿಸ್ತೀರಿ. ಅಂಕಿ ಉಳ್ಕೊಂಡಿದೆ, ಅದರ ಬಾಲ ಉದುರಿಹೋಗಿದೆ. ಬಾಲ ಇಲ್ಲದ ಅಂಕಿ ಯಾವ ಮೀಟರಿಗೆ ಬೇಕಾದ್ರೂ ಹೋಗಿ ಕೂರುತ್ತೆ."

"ನಾಳೆ ನೋಡೋಣ" ಎಂದು ಹಗ್ಗದಯ್ಯ ಎದ್ದು ಒಳಗೆ ಹೋದ. ತಟ್ಟೆಗೆ ಹಾಕಿದ್ದು ತಟ್ಟೆಯಲ್ಲೇ ಉಳಿಯಿತು.

ಮರುದಿನ ಯಾರ್ಡಿಗೆ ಹೋದವನು ಸೊಸೆಯನ್ನು ಗೇಟಿನ ಹತ್ತಿರದ ಕೋಣೆಯಲ್ಲಿ ಕೂರಿಸಿ, ತಾನು ನೇರ ನಲ್ಲಿಯ ಹತ್ತಿರ ಹೋಗಿ ನಿಂತ. ನಲ್ಲಿಯ ನಿಲುಗೊಳವೆಯ ಮೇಲೆ, ಸೊಂಟದ ಎತ್ತರದಲ್ಲಿ, ಬಣ್ಣ ಹೋಗಿ ಕಬ್ಬಿಣ ಮಿರುಗುತ್ತಿತ್ತು. ವರ್ಷಾನುಗಟ್ಟಲೆ ಅವನ ಹಗ್ಗ ತಿಕ್ಕಿದ ಗುರುತು. ಅದರ ಮೇಲೆ ಬೆರಳಾಡಿಸಿದ. ಬೆರಳಾಡಿಸುತ್ತಾ ಹಳೆಯದೊಂದು ಮಧ್ಯಾಹ್ನ ನೆನಪಿಗೆ ಬಂತು.

ಈಗಿನ ಮೇಸ್ತ್ರಿ ಆಗ ಬಂದಿರಲಿಲ್ಲ. ಈಗ ತೀರಿಕೊಂಡಿರುವ ದೊಡ್ಡ ಮೇಸ್ತ್ರಿಯ ಕಾಲ. ಆಗ ಯಾರ್ಡಿನಲ್ಲಿ ಇದೇ ಮುಳ್ಳಿನ ಮೀಟರು ಇದ್ದುದು. ಆಗ ಯಾರೂ ಹತ್ತಕ್ಕೆ ಹಗ್ಗ ಎನ್ನುತ್ತಿರಲಿಲ್ಲ. "ಒಂದಕ್ಕೆ ಹಗ್ಗ" ಎನ್ನುತ್ತಿದ್ದರು. ಮಿನುಗುವ ಅಂಕಿಯ ಮೀಟರು ಬಂದ ದಿನ ದೊಡ್ಡ ಮೇಸ್ತ್ರಿ, "ಇವತ್ತಿಂದ ಒಂದಲ್ಲಪ್ಪ, ಹತ್ತು" ಎಂದಿದ್ದರು. ಹಗ್ಗದಯ್ಯ ಹಗ್ಗದ ಸುರುಳಿ ಹೊತ್ತು, ಇವತ್ತು ಎಲ್ಲಿಗೆ ಹೋಗಬೇಕೋ ಎಂದು ಹಿಂದೆ ನಡೆದಿದ್ದ. ಆದರೆ ದೊಡ್ಡ ಮೇಸ್ತ್ರಿ ಬಂದು ನಿಂತದ್ದು ಇದೇ ನಲ್ಲಿಯ ಹತ್ತಿರ. ಹಗ್ಗ ಒಂದು ಗೇಣೂ ಜರುಗಿರಲಿಲ್ಲ. "ಅಂಕಿ ಹತ್ತಾದ್ರೂ ಜಾಗ ಅದೇನಾ?" ಎಂದು ತಾನು ನಕ್ಕಿದ್ದು, ದೊಡ್ಡ ಮೇಸ್ತ್ರಿ "ಕಿರಣಕ್ಕೆ ನಮ್ಮ ಅಂಕಿ ಗೊತ್ತಿಲ್ಲ ಕಣೋ" ಎಂದಿದ್ದು, ಎಲ್ಲವೂ ನೆನಪಾಯಿತು.

ಆ ಮುಳ್ಳಿನ ಒಂದೂ ಈ ಅಂಕಿಯ ಹತ್ತೂ ಒಂದೇ ಜಾಗ. ನೇರ ಕಂಬದ ಹತ್ತಿರ ಹೋಗಿ, ನಿನ್ನೆಯ ಹಗ್ಗ ಬಿಚ್ಚಿ, ಹೆಗಲ ಮೇಲೆ ಹೊತ್ತು ತಂದು, ಬಣ್ಣ ಹೋದ ಆ ಜಾಗಕ್ಕೇ ಸುತ್ತಿ ಬಿಗಿದ.

ಊಟದ ಹೊತ್ತಿಗೆ ಗುಲ್ಲೆದ್ದಿತು.

"ಏನು ಹಗ್ಗದಯ್ಯ, ಹಗ್ಗಕ್ಕೆ ಹಳೇ ಮನೆ ನೆನಪಾಯ್ತಾ?"

"ಸ್ಟೋರ್ ಮುಚ್ಚಿದ್ರೆ ಕೆಲಸ ನಿಮ್ಮ ಮಾವನ ಮನೆಯವರು ಬಂದು ಮಾಡ್ತಾರಾ?"

ಹಗ್ಗದಯ್ಯ ಗಂಟನ್ನು ಇನ್ನಷ್ಟು ಬಿಗಿದ. ಮೇಸ್ತ್ರಿ ಮುಳ್ಳಿನ ಮೀಟರು ಹಿಡಿದು ಬಿರುಸಾಗಿ ಬಂದ. "ಯಾರು ಹೇಳಿದ್ದು ಇಲ್ಲಿಗೆ ಕಟ್ಟೋಕೆ? ನಾಳೆ ಟ್ಯಾಂಕು ಲಾರಿ ಹತ್ತಬೇಕು. ಎರಡು ವಾರದಿಂದ ಕಂಬಕ್ಕೆ ಕಟ್ತಾ ಇಲ್ವಾ?"

"ಕಟ್ತಿದ್ದೆ. ಒಂದು ಮಾತು ಕೇಳ್ತೀನಿ ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ಹತ್ತಕ್ಕೆ ಹಗ್ಗ ಅಂತೀರಿ. ಹತ್ತು ಏನು?"

"ಹತ್ತು ಏನು ಅಂದ್ರೆ? ಹತ್ತು ಮೈಕ್ರೋಗ್ರೇ ಗಂಟೆಗೆ. ಎಷ್ಟು ವರ್ಷದಿಂದ..."

"ಆ ಗಾಜಿನೊಳಗೆ ಹಾಗಂತ ಬರೆದಿದ್ಯಾ?"

ಮೇಸ್ತ್ರಿ ಮೀಟರು ನೋಡಿದ. ನೋಡಿದವನು ನೋಡುತ್ತಲೇ ನಿಂತ. ಅವನ ಹಣೆಯ ಮೇಲೆ ಬೆವರು ಮೂಡಿದ್ದು ಹಗ್ಗದಯ್ಯನಿಗೆ ಕಂಡಿತು.

"ಮಿಲಿರಾಡ್" ಎಂದ ಮೇಸ್ತ್ರಿ, ತನಗೆ ತಾನೇ ಹೇಳಿಕೊಂಡಂತೆ. "ಅಯ್ಯೋ, ಇದು ಮಿಲಿರಾಡ್. ಹತ್ತು ಪಟ್ಟು."

"ಹಾಗಾದ್ರೆ ಇದರಲ್ಲಿ ನೀವು ಒಂದಕ್ಕೆ ನೋಡ್ಬೇಕಿತ್ತು. ನೋಡೇಬಿಡೋಣ. ಎಲ್ಲರೂ ನಲ್ಲಿ ಆಚೆ ಹೋಗಲಿ. ಸ್ಟೋರ್ ಬೀಗ ಹಾಕ್ಲಿ. ಆಮೇಲೆ ತುಣುಕು ತೆಗೀರಿ, ಮುಳ್ಳು ಒಂದಕ್ಕೆ ಎಲ್ಲಿ ಇಳಿಯುತ್ತೆ ನೋಡಿ."

ಎಲ್ಲರೂ ಹೋದರು. ಸೈರನ್ ಕೂಗಿತು. ಮೇಸ್ತ್ರಿಯ ಜೊತೆಯವನು ಹಿಡಿಕೆ ತಿರುಗಿಸಿದ. ಮೇಸ್ತ್ರಿ ಕಂಬದ ಬಳಿ ನಿಂತು ಗಟ್ಟಿಯಾಗಿ ಕೂಗಿದ, "ಇಲ್ಲಿ ಹತ್ತು ಮಿಲಿರಾಡ್ ಗಂಟೆಗೆ." ತಡಮಾಡದೆ ಹೆಜ್ಜೆ ಕಿತ್ತಿಟ್ಟ. ಸ್ಟೋರಿನ ಕಿಟಕಿಯ ಬಳಿ ಕೂಗಿದ, "ನಾಲ್ಕು." ಅಲ್ಲಿಂದ ಮುಂದೆ, ಮುಂದೆ. ಮುಳ್ಳು ಇಳಿಯುತ್ತಾ ಬಂತು. ಮೂರು. ಎರಡು. ಹಗ್ಗದಯ್ಯ ಹಗ್ಗದ ಹೊರಗೆ ನಿಂತು ಮೇಸ್ತ್ರಿಯ ಹೆಜ್ಜೆ ಎಣಿಸುತ್ತಿದ್ದ. ತಾನು ತಪ್ಪಾಗಿರಲಿ, ಮುಳ್ಳು ಅಲ್ಲೆಲ್ಲೋ ಸ್ಟೋರಿನ ಈಚೆಗೇ ಒಂದಕ್ಕೆ ಇಳಿದುಬಿಡಲಿ ಎಂದು ಅವನ ಮನಸ್ಸು ಬೇಡುತ್ತಿತ್ತು.

ಮುಳ್ಳು ಒಂದಕ್ಕೆ ಇಳಿದದ್ದು ನಲ್ಲಿಯ ಹತ್ತಿರ. ಮೇಸ್ತ್ರಿಯ ಸೊಂಟಕ್ಕೆ ಹಗ್ಗ ತಾಗಿತು.

ಫೋಟೋ ಮುಗಿಸಿ ತುಣುಕು ಪೆಟ್ಟಿಗೆ ಸೇರಿದ ಮೇಲೆ ಮೇಸ್ತ್ರಿ ಹಲಗೆಯೊಂದರ ಮೇಲೆ ಕೂತುಬಿಟ್ಟ. "ನಿಮ್ಮ ಸೊಸೆ ಒಳಗೇ ಕೂತಿರ್ತಿದ್ದಳು, ಅಲ್ವಾ?" ಎಂದ. ಹಗ್ಗದಯ್ಯ ತಲೆ ಆಡಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೇಸ್ತ್ರಿ ಎದ್ದು, ಸುರಕ್ಷತೆಯ ಸಾಹೇಬರಿಗೆ ತಾನೇ ಹೋಗಿ ನಡೆದದ್ದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದ.

ಅಂದು ಸಂಜೆ ಸೊಸೆಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಮೇಸ್ತ್ರಿಯೂ ಬಂದ. ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಕಾಗದದ ಮೇಲೆ ಲೆಕ್ಕ ಹಾಕಿದರು.

"ಕಿಟಕಿ ಹತ್ರ ನಾಲ್ಕು ಮಿಲಿರಾಡ್ ಗಂಟೆಗೆ. ಅಂದ್ರೆ ನಲವತ್ತು ಮೈಕ್ರೋಗ್ರೇ ಗಂಟೆಗೆ. ಎರಡು ವಾರದಲ್ಲಿ ತುಣುಕು ಹೊರಗಿದ್ದದ್ದು ಎಲ್ಲ ಸೇರಿ ಎಷ್ಟು ಹೊತ್ತು?"

"ಮೂರು ಗಂಟೆ" ಎಂದ ಮೇಸ್ತ್ರಿ.

"ನಲವತ್ತು ಮೂರ್ಲಿ ನೂರಿಪ್ಪತ್ತು ಮೈಕ್ರೋಗ್ರೇ. ಕೆಲಸ ಮಾಡೋ ಗರ್ಭಿಣಿಯ ಹೊಟ್ಟೆಯಲ್ಲಿರೋ ಮಗುಗೆ, ಗೊತ್ತಾದ ದಿನದಿಂದ ಹೆರಿಗೆವರೆಗೆ ಎಲ್ಲ ಸೇರಿ ಸಾವಿರ ದಾಟಬಾರದು ಅಂತ ನಾವು ಗೆರೆ ಎಳೆದಿರ್ತೀವಿ. ನಡುವೆ ಗೋಡೆ ಬೇರೆ ಇತ್ತು, ಆದ್ದರಿಂದ ಇದಕ್ಕಿಂತ ಕಡಿಮೆಯೇ ಇರುತ್ತೆ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಸೊಸೆಯ ಕೈ ಹಿಡಿದುಕೊಂಡರು. "ಹೆದರ್ಕೋಬೇಡಮ್ಮ. ಇಷ್ಟಕ್ಕೆ ಮಗುಗೆ ಏನೂ ಆಗಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ."

ಹಗ್ಗದಯ್ಯನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆದ್ರೆ" ಎಂದರು ಡಾಕ್ಟರಮ್ಮ, ಹಗ್ಗದಯ್ಯನ ಕಡೆ ತಿರುಗಿ, "ಎರಡು ವಾರಕ್ಕೆ ನೂರಿಪ್ಪತ್ತು. ಹೆರಿಗೆಗೆ ಇನ್ನೂ ಐದು ತಿಂಗಳಿದೆ. ಹೀಗೇ ಕೂತಿದ್ರೆ ಎಷ್ಟಾಗ್ತಿತ್ತು ಅಂತ ನೀವೇ ಕೂಡಿಸಿ ನೋಡಿ."

ಹಗ್ಗದಯ್ಯ ಕೂಡಿಸಿದ. ಅವನಿಗೆ ಅಂಕಿ ಬರುತ್ತಿತ್ತು. ಸಾವಿರ ದಾಟುವುದು ಅವನ ಬೆರಳ ಮೇಲೇ ಕಂಡಿತು. ಬೆರಳು ಮಡಚಿಕೊಂಡ. ಬಸ್ಸಿನಲ್ಲಿ ಮನೆಗೆ ಬರುವಾಗ ಸೊಸೆಯೇ ಮೊದಲು ಮಾತಾಡಿದಳು.

"ಮಾವ, ನೀವು ಬೇಕಂತ ಕೂರಿಸಿದ್ದಲ್ಲ."

"ಇಲ್ಲ ಕಣಮ್ಮ. ಅಕ್ಕರೆಯಿಂದಲೇ ಕೂರಿಸಿದ್ದು. ಕಿರಣಕ್ಕೆ ಅದೂ ಗೊತ್ತಾಗಲ್ಲ."

ಮಾರನೆಯ ದಿನ ಯಾರ್ಡಿನಲ್ಲಿ ಎರಡು ಕೆಲಸ ನಡೆದವು. ಮೇಸ್ತ್ರಿ ಮುಳ್ಳಿನ ಮೀಟರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ, ಎಲ್ಲರಿಗೂ ಓದಲು ಬರುವಂತೆ ದಪ್ಪಗೆ ಬರೆದ: 'ಇದು ಮಿಲಿರಾಡ್, ಗಂಟೆಗೆ. ಒಂದು ಮಿಲಿರಾಡ್ ಅಂದರೆ ಹತ್ತು ಮೈಕ್ರೋಗ್ರೇ. ಇದರಲ್ಲಿ ಒಂದಕ್ಕೆ ಹಗ್ಗ.' ಅದೇ ದಿನ ಪರೀಕ್ಷೆಯಿಂದ ಮರಳಿ ಬಂದ ಮೀಟರಿಗೂ ಅಂಥದ್ದೇ ಪಟ್ಟಿ: 'ಇದು ಮೈಕ್ರೋಗ್ರೇ, ಗಂಟೆಗೆ. ಇದರಲ್ಲಿ ಹತ್ತಕ್ಕೆ ಹಗ್ಗ.' ಅಂದಿನಿಂದ ಮೇಸ್ತ್ರಿ ಅಂಕಿ ಕೂಗಿದರೆ ಹಗ್ಗದಯ್ಯ ಬಾಲ ಕೂಗಬೇಕು. "ಹತ್ತು" ಎಂದರೆ "ಮೈಕ್ರೋಗ್ರೇ, ಗಂಟೆಗೆ" ಎನ್ನಬೇಕು. ಹೇಳದ ಹೊರತು ಹಗ್ಗ ಕಟ್ಟುವಂತಿಲ್ಲ. ಬೆಸುಗೆಯವರು ಮೊದಲೆರಡು ದಿನ ಅಣಕಿಸಿದರು. ಆಮೇಲೆ ಅವರೂ ಬಾಲ ಸೇರಿಸಿಯೇ ಹೇಳತೊಡಗಿದರು.

ಎರಡನೆಯ ಕೆಲಸ ಹಗ್ಗದಯ್ಯನದು. ನಲ್ಲಿಯಾಚೆ ನಾಲ್ಕು ಗಳ ನೆಟ್ಟು, ಮಗ ಲಾರಿಯಿಂದ ತಂದುಕೊಟ್ಟ ಹಳೆಯ ಟಾರ್ಪಾಲನ್ನು ಹಗ್ಗದಿಂದ ಬಿಗಿದು, ಕೆಳಗೆ ಒಂದು ಬೆಂಚು ಹಾಕಿದ. ಪಕ್ಕದಲ್ಲಿ ಕುಡಿಯುವ ನೀರಿನ ಕೊಡ. ಸೈರನ್ ಕೂಗಿದಾಗ ಸೊಸೆ ಸ್ಟೋರಿಗೆ ಬೀಗ ಹಾಕಿ, ಊಟದ ಡಬ್ಬಿ ಹಿಡಿದು, ನಿಧಾನವಾಗಿ ನಡೆದು ಬಂದು ಆ ಬೆಂಚಿನ ಮೇಲೆ ಕೂತಳು.

"ಇಷ್ಟು ಮಾಡೋಕೆ ಎಷ್ಟು ಹೊತ್ತು ಹಿಡೀತು ಮಾವ?"

"ಒಂದು ಬೆಳಗ್ಗೆ" ಎಂದ ಹಗ್ಗದಯ್ಯ. "ಹಗ್ಗ ಹತ್ತಿರ ಬಂತು ಅಂತ ಕುಣಿದಾಡೋ ಬದಲು ನೆರಳನ್ನೇ ದೂರ ತರಬಹುದಿತ್ತು. ನನಗೆ ಹೊಳೀಲಿಲ್ಲ." ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ಅದಕ್ಕೆ ಬೆನ್ನು ಹಾಕಿ ಕಾವಲಿಗೆ ನಿಂತ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆಲಸದ ಜಾಗದಲ್ಲೂ ಇಂಥ ಪೆಟ್ಟಿಗೆ, ಇಂಥ ಮೀಟರು, ಇಂಥ ಹಗ್ಗ ಇರಬಹುದು. ನಿಮ್ಮಲ್ಲಿ ಎಷ್ಟಕ್ಕೆ ಹಗ್ಗ ಕಟ್ಟಬೇಕೆಂದು ನಿಮ್ಮ ಸುರಕ್ಷತಾ ಅಧಿಕಾರಿಯನ್ನೇ ಕೇಳಿ ತಿಳಿದುಕೊಳ್ಳಿ. ತಿಳಿದುಕೊಂಡದ್ದನ್ನು ಬರಿಯ ಅಂಕಿಯಾಗಿ ಮನೆಗೆ ತರಬೇಡಿ. ಮಿಲಿರಾಡೋ ಮೈಕ್ರೋಗ್ರೇಯೋ, ಗಂಟೆಗೋ ನಿಮಿಷಕ್ಕೋ, ಪೂರ್ತಿ ಕೇಳಿ, ಪೂರ್ತಿ ಹೇಳಿ. ಮೀಟರು ಬದಲಾದ ದಿನ ಗಾಜಿನೊಳಗಿನ ಅಕ್ಷರವನ್ನು ಓದಿಸಿಕೊಳ್ಳಿ. ದಿನವೂ ಒಂದೇ ಜಾಗದಲ್ಲಿದ್ದ ಹಗ್ಗ ಒಮ್ಮೆಲೇ ಹತ್ತಿರ ಬಂದರೆ ಸಂತೋಷಪಡುವ ಮೊದಲು ಯಾಕೆಂದು ಕೇಳಿ. ಹೊಟ್ಟೆಯಲ್ಲಿ ಮಗು ಇರುವವರು ಅದನ್ನು ಮೇಲಿನವರಿಗೆ ಬೇಗ ತಿಳಿಸಿ, ಅದರಲ್ಲಿ ನಾಚಿಕೆಯಿಲ್ಲ. ಕೇಳಿದರೆ ನಗುತ್ತಾರೆ ಎಂದು ಹಿಂಜರಿಯಬೇಡಿ. ನಗುವವರು ನಕ್ಕುಕೊಳ್ಳಲಿ. ಹಗ್ಗದ ಯಾವ ಬದಿಯಲ್ಲಿ ನಮ್ಮ ಮನೆಯವರು ಕೂತಿದ್ದಾರೆ ಎಂಬುದನ್ನು ತೀರ್ಮಾನಿಸುವುದು ಆ ಒಂದು ಪ್ರಶ್ನೆಯೇ: ಹತ್ತು, ಏನು?